ಬಿಳಿ ಫಿಲ್ಮಿನ ಕೊನೆಯ ಸಾಲು

ಎರಡು ವರದಿಗಳ ಕೊನೆಯ ಸಾಲು ಒಂದೇ ಆಗಿತ್ತು.

ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಸ್ವಿಚ್‌ಬೋರ್ಡಿನ ಎದುರಿನ ಎತ್ತರದ ಕುರ್ಚಿಯಲ್ಲಿ ಕುಳಿತು ವರದಮ್ಮ ಎರಡನ್ನೂ ಮೂರನೆಯ ಸಲ ಓದಿದಳು. ಎಡಗೈಯಲ್ಲಿದ್ದ ಹಾಳೆ ಮೂರು ವರ್ಷ ಹಳೆಯದು. ಮಡಿಕೆಯಲ್ಲಿ ಹರಿದದ್ದನ್ನು ಗೋಂದು ಹಚ್ಚಿ ಕೂಡಿಸಿದ್ದು. ಅದು ಅಕ್ಕ ಬೆಳ್ಳಮ್ಮನದು. ಬಲಗೈಯಲ್ಲಿದ್ದದ್ದು ಆ ದಿನದ ಟಪಾಲಿನಲ್ಲಿ ಬಂದದ್ದು, ಅವಳದೇ. ಎರಡೂ ಘಟ್ಟದ ಕೆಳಗಿನ ಒಂದೇ ದೊಡ್ಡಾಸ್ಪತ್ರೆಯವು. ಎರಡೂ ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಫಿಯ ವರದಿಗಳು.

ಎರಡರಲ್ಲೂ ಮೊದಲ ಸಾಲು ಹೇಳುತ್ತಿತ್ತು: ಸಂಶಯಪಡುವಂಥದು ಏನೂ ಕಂಡುಬಂದಿಲ್ಲ. ಕೊನೆಯ ಸಾಲು ಹೇಳುತ್ತಿತ್ತು: ಸ್ತನದ ಅಂಗಾಂಶ ಬಹಳ ದಟ್ಟವಾಗಿದೆ.

ಮೂರು ವರ್ಷದ ಹಿಂದೆ ಆ ಮೊದಲ ಸಾಲನ್ನು ನಂಬಿ ಮನೆಯವರೆಲ್ಲ ದೇವರಿಗೆ ಹಣ್ಣುಕಾಯಿ ಮಾಡಿಸಿದ್ದರು. ಕೊನೆಯ ಸಾಲಿನ ತಂಟೆಗೆ ಯಾರೂ ಹೋಗಿರಲಿಲ್ಲ. ಎಂಟು ತಿಂಗಳ ಮೇಲೆ ಬೆಳ್ಳಮ್ಮನ ಕಂಕುಳಲ್ಲಿ ಗಂಟು ಕೈಗೆ ತಾಗಿತು. ಅಷ್ಟರಲ್ಲಿ ಅದು ಎಲ್ಲೆಲ್ಲಿಗೆ ಹೋಗಬೇಕೋ ಅಲ್ಲಿಗೆಲ್ಲ ಹೋಗಿ ಆಗಿತ್ತು. ಆಮೇಲೆ ಅವಳು ಬದುಕಿದ್ದು ಹದಿನಾಲ್ಕು ತಿಂಗಳು.

ವರದಮ್ಮನಿಗೆ ಈಗ ನಲವತ್ತೆರಡು. ಗಂಡ ಇದೇ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು; ಆರು ವರ್ಷದ ಹಿಂದೆ ಕಂಬದಿಂದ ಬಿದ್ದು ತೀರಿಕೊಂಡ ಮೇಲೆ ಅನುಕಂಪದ ಮೇಲೆ ಅವಳಿಗೆ ಆಪರೇಟರ್ ಕೆಲಸ ಸಿಕ್ಕಿತ್ತು. ಮಕ್ಕಳಿರಲಿಲ್ಲ. ಬೆಳ್ಳಮ್ಮನ ಮಗಳು ಅನ್ನಪೂರ್ಣೇಶ್ವರಿಯೇ ಈಗ ಅವಳ ಮಗಳು. ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಆ ಹತ್ತೊಂಬತ್ತರ ಹುಡುಗಿ ಒಬ್ಬ ತಾಯಿಯನ್ನು ಆಗಲೇ ಕಳೆದುಕೊಂಡಿದ್ದಳು. ಇನ್ನೊಬ್ಬಳನ್ನು ಕಳೆದುಕೊಳ್ಳುವಂತೆ ಆಗಬಾರದು. ಒಳಗೆ ಏನಾದರೂ ಇದ್ದರೆ ಅದು ಈಗಲೇ, ಕೈಗೆ ಸಿಗುವ ಮೊದಲೇ, ಕಣ್ಣಿಗೆ ಬೀಳಬೇಕು. ವರದಮ್ಮನ ಹಟ ಇಷ್ಟೇ ಆಗಿತ್ತು.

"ಏನ್ ವರದಕ್ಕಾ, ಪ್ರೇಮಪತ್ರವಾ? ಒಂದಲ್ಲ, ಎರಡೆರಡು ಹಿಡ್ಕಂಡು ಕೂತಿದೀರಲ್ಲ!" ಹೆಗಲ ಮೇಲಿನ ತಂತಿಯ ಸುರುಳಿಯನ್ನು ಮೂಲೆಗೆ ಇಳಿಸುತ್ತ ಲೈನ್‌ಮನ್ ಜಟ್ಟಿಂಗಪ್ಪ ಕೇಳಿದ.

"ಹೌದು ಮಾರಾಯ. ಇಬ್ಬರೂ ಒಂದೇ ಮಾತು ಬರ್ದಿದಾರೆ. ಅದಕ್ಕೇ ಹೆದರಿಕೆ."

ಜಟ್ಟಿಂಗಪ್ಪ ನಕ್ಕ. ಅವಳು ನಗಲಿಲ್ಲ. ಶಿವಮೊಗ್ಗದ ಲೈನಿಗೆ ಪ್ಲಗ್ಗು ತೂರಿಸಿ, ಘಟ್ಟದ ಕೆಳಗಿನ ಆಸ್ಪತ್ರೆಗೆ ಟ್ರಂಕ್ ಕಾಲ್ ಬುಕ್ ಮಾಡಿದಳು. ಸ್ವಿಚ್‌ಬೋರ್ಡಿನ ಈ ಹಲಗೆಯ ಮುಂದೆ ಕುಳಿತ ಆರು ವರ್ಷಗಳಲ್ಲಿ ಸ್ವಂತಕ್ಕೆಂದು ಮಾಡಿದ ಮೊದಲ ಕಾಲ್ ಅದು.

ಮುಕ್ಕಾಲು ಗಂಟೆಯ ಮೇಲೆ ಎಕ್ಸ್‌ರೇ ವಿಭಾಗದ ಡಾಕ್ಟರು ಸಿಕ್ಕಿದರು. ಲೈನಿನಲ್ಲಿ ಜಡಿಮಳೆಯಂಥ ಗದ್ದಲ.

"ದಟ್ಟ ಅಂತ ಬರ್ದಿದೀರಲ್ಲ ಡಾಕ್ಟ್ರೇ, ಹಂಗಂದ್ರೆ ಎಂಥದು?" ಅವಳು ದನಿ ಎತ್ತರಿಸಿ ಕೇಳಿದಳು.

"ಅದು ರೋಗ ಅಲ್ಲಮ್ಮ. ಕೆಲವರಿಗೆ ಸ್ತನದಲ್ಲಿ ಕೊಬ್ಬು ಹೆಚ್ಚಿರ್ತದೆ. ಅದು ಫಿಲ್ಮಿನಲ್ಲಿ ಕಪ್ಪಗೆ ಬರ್ತದೆ. ನಿಮಗೆ ಕೊಬ್ಬು ಕಮ್ಮಿ, ಗ್ರಂಥಿ ಜಾಸ್ತಿ. ಅದು ಬೆಳ್ಳಗೆ ಬರ್ತದೆ."

"ಗಂಟಿದ್ರೆ ಅದು ಯಾವ ಬಣ್ಣ?"

"ಅದೂ ಬಿಳಿಯೇ."

"ಅಂದ್ರೆ ನೀವು ಬರ್ದಿದ್ದು ಗಂಟು ಇಲ್ಲ ಅಂತ ಅಲ್ಲ. ಇದ್ರೂ ಕಾಣಲ್ಲ ಅಂತ."

"ಹಾಗೆ ಹೇಳಿದ್ರೆ... ಹೌದು. ಒಂದು ವರ್ಷ ಬಿಟ್ಟು ಮತ್ತೆ ಬನ್ನಿ, ಇನ್ನೊಂದು ಫಿಲ್ಮು ತೆಗೆಯುವಾ. ಅದು ಬಿಟ್ರೆ..."

ಮುಂದಿನ ಮಾತನ್ನು ಗದ್ದಲ ನುಂಗಿತು. ವರದಮ್ಮ ಎರಡು ಸಲ ಕೇಳಿದಳು, ಎರಡು ಸಲವೂ ಬರೀ ಗೊರಗೊರ. ಆಗ ಅವಳು ದಿನಕ್ಕೆ ಹತ್ತು ಸಲ ಪರರಿಗಾಗಿ ಮಾಡುವ ಕೆಲಸವನ್ನೇ ಮಾಡಿದಳು. "ಹಾಗೇ ಹಿಡ್ಕಂಡಿರಿ ಡಾಕ್ಟ್ರೇ, ಇಡಬೇಡಿ" ಎಂದು ಕೂಗಿ, ಸಾಗರದ ಆಪರೇಟರನ್ನು ಕರೆದು, ಅದೇ ಆಸ್ಪತ್ರೆಯ ಅದೇ ಟೆಲಿಫೋನಿಗೆ ಹೊನ್ನಾವರದ ಮೇಲಿನಿಂದ ಲೈನು ಕೇಳಿದಳು. ಆಸ್ಪತ್ರೆಯೂ ಅದೇ, ಡಾಕ್ಟರೂ ಅವರೇ. ದಾರಿ ಮಾತ್ರ ಬೇರೆ. ಐದು ನಿಮಿಷದಲ್ಲಿ ಡಾಕ್ಟರ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ವಚ್ಛವಾಗಿ ಕೇಳಿಸಿತು.

"ಶಬ್ದದ ಅಲೆಯಿಂದ ನೋಡುವ ಯಂತ್ರ ಇದೆ ಅಂತ ಹೇಳ್ತಿದ್ದೆ. ಅಲ್ಟ್ರಾಸೌಂಡು. ಆದ್ರೆ ಅದನ್ನು ನಾವು ಗಂಟು ಕೈಗೆ ಸಿಕ್ಕಿದ ಮೇಲೆ, ಒಳಗೆ ನೀರೋ ಗಟ್ಟಿಯೋ ನೋಡ್ಲಿಕ್ಕೆ ಬಳಸ್ತೇವೆ. ಗಂಟು ಹುಡುಕ್ಲಿಕ್ಕೆ ಅಲ್ಲ."

"ಯಾಕೆ ಅಲ್ಲ?"

"ಪದ್ಧತಿ ಇಲ್ಲ" ಎಂದರು ಡಾಕ್ಟರು.

ಪ್ಲಗ್ಗು ಎಳೆದ ಮೇಲೂ ವರದಮ್ಮನ ಕಣ್ಣು ಹಲಗೆಯ ಮೇಲೇ ಇತ್ತು. ಒಂದು ದಾರಿಯಲ್ಲಿ ಗದ್ದಲವಿದ್ದರೆ ಇನ್ನೊಂದು ದಾರಿಯಲ್ಲಿ ಕೇಳಬೇಕು. ಹೊಸನಗರದಂಥ ಎಕ್ಸ್‌ಚೇಂಜಿನಲ್ಲೇ ಇರುವ ಈ ಪದ್ಧತಿ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಏಕಿಲ್ಲ?

ಅಂಥ ಯಂತ್ರ ಎಲ್ಲಿದೆಯೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಾಗರದ ಡಾಕ್ಟರ್ ಹೇರಂಬ ಭಟ್ಟರು ಎಂಟು ತಿಂಗಳ ಹಿಂದೆ ಸ್ಕ್ಯಾನಿಂಗ್ ಯಂತ್ರ ತರಿಸಿದಾಗ ಅದರ ಬಗೆಗಿನ ಅರ್ಧ ಕರೆಗಳು ಈ ಹಲಗೆಯ ಮೇಲೇ ಹಾದುಹೋಗಿದ್ದವು.

*

ಮುಂದಿನ ಗುರುವಾರ ಅವಳು ಸಾಗರದ ಬಸ್ಸು ಹತ್ತಿದಳು.

ಆ ದಿನಗಳಲ್ಲಿ ಮೂರು ತಾಲೂಕಿನಲ್ಲೂ ಸ್ಕ್ಯಾನಿಂಗ್ ಎಂದರೆ ಬಸಿರು. ಬೇರೆ ಅರ್ಥವೇ ಇರಲಿಲ್ಲ. ಹೇರಂಬ ಭಟ್ಟರ ಜಗಲಿಯ ಉದ್ದಕ್ಕೂ ಹೊಟ್ಟೆ ಹೊತ್ತವರೇ ಕುಳಿತಿದ್ದರು. ಜೋಗದ ವಿದ್ಯುತ್ ಕಾಲನಿಯ ಹೆಂಗಸರು, ಲಾಂಚಿನಲ್ಲಿ ಹಿನ್ನೀರು ದಾಟಿ ಬಂದ ತುಮರಿಯ ಕಡೆಯವರು, ಅವರ ಅತ್ತೆಯರು. ನಡುವೆ ಕುಂಕುಮವಿಲ್ಲದ ಹಣೆಯ ವರದಮ್ಮ ಒಬ್ಬಳೇ ಬೆಂಚಿನ ತುದಿಯಲ್ಲಿ.

ಪಕ್ಕದ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ಕೇಳಿದಳು, "ನಿಮ್ಗೆ ಎಷ್ಟರಲ್ಲಿ?"

"ಎಂಥದು ಎಷ್ಟರಲ್ಲಿ?"

"ತಿಂಗಳು."

ವರದಮ್ಮ ಮುಖ ತಿರುಗಿಸಿದಳು. ಮಾತಾಡಿ ಮುಗಿಸಬೇಕಿತ್ತು ಎಂಬುದು ಆಮೇಲೆ ಹೊಳೆದದ್ದು.

ಹೇರಂಬ ಭಟ್ಟರು ನಲವತ್ತರ ಆಸುಪಾಸಿನ, ಮಾತಿಗೆ ಮುಂಚೆ ಕನ್ನಡಕ ಒರೆಸುವ ಮನುಷ್ಯ. ಎರಡು ವರದಿಗಳನ್ನೂ ಓದಿದರು. ಕೊನೆಯ ಸಾಲಿನ ಮೇಲೆ ಅವರ ಬೆರಳು ನಿಂತದ್ದನ್ನು ವರದಮ್ಮ ನೋಡಿದಳು.

"ಇದು ಹೊಟ್ಟೆ ನೋಡುವ ಯಂತ್ರ. ದೂರದ್ದು ಕಾಣ್ತು, ಹತ್ತಿರದ್ದು ಕಾಣ್ತಿಲ್ಲೆ" ಎಂದವರು ಮನೆಮಾತು ನುಸುಳಿದ್ದಕ್ಕೆ ತಾವೇ ತಡೆದು, "ಚರ್ಮಕ್ಕೆ ಹತ್ತಿರ ಇರೋದು ಇದಕ್ಕೆ ಸರಿಯಾಗಿ ಕಾಣಲ್ಲ, ಅಮ್ಮ. ಕೈಗೆ ಗಂಟೂ ಸಿಕ್ತಾ ಇಲ್ಲ. ಏನು ಅಂತ ಹುಡುಕಲಿ? ಪುಸ್ತಕದಲ್ಲಿ ಹೀಗೆ ಮಾಡು ಅಂತ ಎಲ್ಲೂ ಇಲ್ಲ" ಎಂದರು.

"ಡಾಕ್ಟ್ರೇ, ನೀವು ಬೆಂಗಳೂರಿಗೆ ಕಾಲ್ ಮಾಡ್ತೀರಿ. ಶಿವಮೊಗ್ಗದ ಲೈನಲ್ಲಿ ಬರೀ ಗದ್ದಲ. ನಾನು, ಅಲ್ಲಿ ಯಾರೂ ಮಾತಾಡ್ತಾ ಇಲ್ಲ, ಮುಂದಿನ ವರ್ಷ ಮಾಡಿ ಅಂತ ಹೇಳಿದ್ರೆ ಬಿಡ್ತೀರಾ?"

"ಬೈತೀನಿ" ಎಂದರು ಡಾಕ್ಟರು.

"ನಾವು ಬೇರೆ ದಾರಿ ಮೇಲೆ ಕೊಡ್ತೀವಿ. ಮೊದಲಿನ ದಾರಿ ಕೆಟ್ಟದ್ದು ಅಂತ ಕಿತ್ತು ಹಾಕಲ್ಲ, ಅದೂ ಬೇಕು. ಒಂದರಲ್ಲಿ ಕೇಳದ್ದು ಇನ್ನೊಂದರಲ್ಲಿ ಕೇಳ್ತದೆ. ನಾನು ಕೇಳ್ತಾ ಇರೋದು ಅಷ್ಟೇ. ನಮ್ಮಕ್ಕನಿಗೆ ಮುಂದಿನ ವರ್ಷ ಅನ್ನೋದು ಸಿಗ್ಲಿಲ್ಲ."

ಡಾಕ್ಟರು ಮತ್ತೊಮ್ಮೆ ಕನ್ನಡಕ ಒರೆಸಿದರು. ಅದು ಆಗಲೇ ಒರೆಸಿಯಾಗಿತ್ತು.

"ಇದರಲ್ಲಿ ಏನೂ ಕಾಣಲಿಲ್ಲ ಅಂದ್ರೂ ಪೂರ್ತಿ ನಂಬೋ ಹಾಗಿಲ್ಲ, ಗೊತ್ತಾ?"

"ಗೊತ್ತು. ಅವಾಗ ಎರಡು ಕಡೆ ನೋಡಿ ಆಯ್ತು ಅಂತಾದ್ರೂ ಆಗ್ತದಲ್ಲ."

"ಬರೋ ಗುರುವಾರ ಬನ್ನಿ. ನನಗೆ ಕಲಿಸಿದ ಗುರುಗಳಿಗೆ ಫೋನ್ ಮಾಡಿ, ಹತ್ತಿರದ್ದು ಕಾಣೋ ಹಾಗೆ ಮಾಡೋದಕ್ಕೆ ಉಪಾಯ ಇದೆಯಾ ಅಂತ ಕೇಳಿಡ್ತೀನಿ."

*

ಸುದ್ದಿ ಹೊಸನಗರಕ್ಕೆ ಅವಳ ಕೈಯಿಂದಲೇ ಬಂತು.

ಶನಿವಾರ ಬೆಳಿಗ್ಗೆ ಸಾಗರದಿಂದ ಒಂದು ಕರೆ. ಇಲ್ಲಿನ ಅಕ್ಕಿ ಗಿರಣಿಯ ದುಗ್ಗಮ್ಮನಿಗೆ. ವರದಮ್ಮ ಎರಡು ಕಡೆಯನ್ನೂ ಕೂಡಿಸಿದಳು. ಮಾತು ಸರಿಯಾಗಿ ಹಾಯುತ್ತಿದೆಯೇ ಎಂದು ನೋಡಲು ಆಪರೇಟರು ಒಂದು ಗಳಿಗೆ ಆಲಿಸಬೇಕು, ಆಮೇಲೆ ಕೀಲಿ ಮುಚ್ಚಬೇಕು. ಅದು ನಿಯಮ. ಅವಳ ಕೈ ಕೀಲಿಯ ಮೇಲಿತ್ತು.

"ದುಗ್ಗಕ್ಕಾ, ಒಂದು ವಿಷಯ ಗೊತ್ತನಾ? ನಮ್ಮ ಸೊಸೆನ ಸ್ಕ್ಯಾನಿಂಗ್‌ಗೆ ಕರ್ಕಂಡು ಹೋಗಿದ್ದೆ. ಅಲ್ಲಿ ಯಾರು ಕೂತಿದ್ಲು ಹೇಳು? ನಿಮ್ಮೂರ ಎಕ್ಸ್‌ಚೇಂಜಿನೋಳು!"

"ಯಾರು, ವರದಮ್ಮನಾ? ಗಂಡ ಸತ್ತು ಆರು ವರ್ಷ ಆಯ್ತಲ್ಲೇ!"

"ಅದಕ್ಕೇ ಹೇಳಿದ್ದು. ಎಷ್ಟು ತಿಂಗಳು ಅಂತ ಕೇಳಿದ್ರೆ ಮುಖ ತಿರುವಿದ್ಲು ಪುಣ್ಯಾತ್ಗಿತ್ತಿ."

"ಅಯ್ಯೋ ರಾಮ! ಆ ತೀರ್ಥಳ್ಳಿಯೋರು ಇವಳ ಅಕ್ಕನ ಮಗಳನ್ನ ಕೇಳ್ತಾ ಇದ್ರಲ್ಲ, ಅವರಿಗೆ ಗೊತ್ತಾದ್ರೆ?"

ಕಿವಿ ಕಾದ ಕಾವಲಿಯಂತಾಯಿತು. ಪ್ಲಗ್ಗು ಎಳೆದರೆ ಮುಗಿಯುತ್ತಿತ್ತು; ಲೈನು ಕಡಿದುಹೋಯಿತು ಎಂದರೆ ಕೇಳುವವರಿರಲಿಲ್ಲ. ವರದಮ್ಮ ಎಳೆಯಲಿಲ್ಲ. ಗೋಡೆಯ ಗಡಿಯಾರ ನೋಡಿ, ಆರು ವರ್ಷದಿಂದ ಪ್ರತಿ ಕರೆಗೂ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು:

"ಮೂರು ನಿಮಿಷ ಆಯ್ತು. ಮುಂದುವರಿಸ್ಲಾ?"

ಎರಡು ರಿಸೀವರು ಒಟ್ಟಿಗೇ ಕೆಳಗೆ ಬಿದ್ದವು.

ಆದರೆ ಮಾತು ನಿಲ್ಲಲಿಲ್ಲ. ಸೋಮವಾರ ಮಧ್ಯಾಹ್ನ ಅಣ್ಣ ಕನ್ನಪ್ಪ ಎಕ್ಸ್‌ಚೇಂಜಿನ ಕಿಟಕಿಯ ಹೊರಗೆ ಬಂದು ನಿಂತ. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಬೋರ್ಡಿಗೆ ಅವನು ಯಾವಾಗಲೂ ಮರ್ಯಾದೆ ಕೊಡುತ್ತಿದ್ದ, ಬಯ್ಯುವುದಿದ್ದರೂ ಕಿಟಕಿಯಿಂದಲೇ.

"ಏನೇ ಇದು ವರದಾ? ಗಿರಣಿ ಹತ್ರ ತಲೆ ಎತ್ತಿ ಹೋಗೋ ಹಂಗಿಲ್ಲ."

"ನಿಂಗೆ ಗೊತ್ತಲ್ಲ ಅಣ್ಣಯ್ಯ, ನಾನು ಯಾಕೆ ಹೋಗಿದ್ದು ಅಂತ."

"ನಂಗೆ ಗೊತ್ತು. ಊರಿಗೆ ಗೊತ್ತಾ? ಆಷಾಢ ಕಳೆದ ಮೇಲೆ ತೀರ್ಥಳ್ಳಿಯೋರು ಮಾತುಕತೆಗೆ ಬರ್ತಾರೆ. ಅಲ್ಲಿವರೆಗೆ ಸಾಗರದ ಕಡೆ ತಲೆ ಹಾಕಬೇಡ. ಎರಡು ತಿಂಗಳು, ಅಷ್ಟೇ. ಹೆಂಗೂ ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬರ್ದಿದೆ."

"ಬೆಳ್ಳಕ್ಕನಿಗೂ ಏನೂ ಇಲ್ಲ ಅಂತ ಬರ್ದಿತ್ತು. ಹಣ್ಣುಕಾಯಿ ಮಾಡ್ಸಿದ್ದು ನೀನೇ."

ಕನ್ನಪ್ಪ ಕಿಟಕಿಯ ಸರಳು ಹಿಡಿದ. "ಅದನ್ನ ಈಗ ಯಾಕೆ ಎತ್ತುತೀಯ?"

"ಎತ್ತಬೇಕು. ಎರಡು ಹಾಳೆ ಇಲ್ಲಿದಾವೆ ನೋಡು. ಎರಡರಲ್ಲೂ ಒಂದೇ ಕೊನೆಯ ಸಾಲು. ಅವತ್ತು ಅದನ್ನ ಯಾರೂ ಓದ್ಲಿಲ್ಲ. ಇವತ್ತು ನಾನು ಓದಿದೀನಿ. ಓದಿದ ಮೇಲೂ ಸುಮ್ನೆ ಕೂತ್ರೆ ತಪ್ಪು ರೋಗದ್ದಲ್ಲ, ನಂದು."

"ನಾನಂತೂ ಜೊತೆಗೆ ಬರಲ್ಲ."

"ನಾನು ಕರೆದಿಲ್ಲ."

ಅವನು ಹೋದ. ಹಲಗೆಯ ಮೇಲೆ ಕರೆ ಬಂತೆಂದು ತೋರಿಸುವ ಒಂದು ಮುಚ್ಚಳ ಟಪ್ಪೆಂದು ಬಿತ್ತು; ಯಾರೋ ನಂಬರು ಕೇಳುತ್ತಿದ್ದರು. ವರದಮ್ಮ ಕಣ್ಣು ಒರೆಸಿಕೊಂಡು ಪ್ಲಗ್ಗು ಎತ್ತಿಕೊಂಡಳು.

*

ಗುರುವಾರ ಮತ್ತೆ ಅದೇ ಜಗಲಿ. ಈ ಸಲ ಅವಳು ತುದಿಯಲ್ಲಿ ಕೂರಲಿಲ್ಲ; ಬೆಂಚಿನ ನಡುವೆ ಜಾಗ ಮಾಡಿಸಿಕೊಂಡು ಕೂತಳು. ಎದುರಿನ ಮುದುಕಿ ಬಾಯಿ ತೆರೆಯುವಷ್ಟರಲ್ಲಿ ಇಡೀ ಜಗಲಿಗೆ ಕೇಳುವಂತೆ ಹೇಳಿದಳು:

"ನಾನು ಬಸಿರಿ ಅಲ್ಲ. ನಮ್ಮಕ್ಕ ಎದೆ ಗಂಟಿನಲ್ಲಿ ತೀರ್ಕಂಡ್ಲು. ಎಕ್ಸ್‌ರೇದಲ್ಲಿ ಅವಳದು ಕಂಡಿರ್ಲಿಲ್ಲ. ನಂದೂ ಅಂಥದೇ ಎದೆ. ಈ ಯಂತ್ರದಲ್ಲಾದ್ರೂ ಕಾಣ್ತದಾ ಅಂತ ನೋಡಿಸೋಕೆ ಬಂದಿದೀನಿ. ಮತ್ತೇನಾದ್ರೂ ಕೇಳೋದಿದ್ಯಾ?"

ಆ ಮುದುಕಿ ಮೆಲ್ಲನೆ ಬಾಗಿ, "ಅದು ನೋವಾಗ್ತದನಾ ಮಗಾ?" ಎಂದಳು.

"ಇಲ್ಲ ಅಜ್ಜಿ. ಅದೇ ಅದರ ಮೋಸ."

ಒಳಗೆ ಹೇರಂಬ ಭಟ್ಟರು ಉಪಾಯ ಸಿದ್ಧಮಾಡಿಟ್ಟಿದ್ದರು. ಆಪರೇಷನ್ನಿಗೆ ಹಾಕಿಕೊಳ್ಳುವ ರಬ್ಬರು ಕೈಗವಸಿಗೆ ಕುದಿಸಿ ಆರಿಸಿದ ನೀರು ತುಂಬಿ, ಗಾಳಿ ಸೇರದಂತೆ ಬಾಯಿ ಬಿಗಿದಿದ್ದರು. "ಇದನ್ನು ನಡುವೆ ಇಟ್ರೆ ಹತ್ತಿರ ಇರೋದು ದೂರ ಆಗ್ತದೆ. ಆಗ ಯಂತ್ರಕ್ಕೆ ಕಾಣ್ತದೆ ಅಂದ್ರು ಗುರುಗಳು." ನರ್ಸು ಶೇಷಮ್ಮ ಅದನ್ನು ಅವಳ ಎದೆಯ ಮೇಲೆ ಇಟ್ಟು ಹಿಡಿದಳು. ಐದು ಬೆರಳು ಉಬ್ಬಿ ನಿಂತ ಆ ನೀರಿನ ಹಸ್ತವನ್ನು ನೋಡಿ ವರದಮ್ಮನಿಗೆ ನಗು ಬಂತು.

ಬಲಗಡೆ ನೋಡಿದರು. ಏನೂ ಇರಲಿಲ್ಲ. ಎಡಗಡೆ ಬಂದಾಗ ಪರದೆಯ ಮೇಲೆ ಒಂದು ಕಪ್ಪು ಬಿಂದು ಮೂಡಿತು.

"ಅದೇನು?"

"ನೀರಿನ ಗುಳ್ಳೆ. ನೀರು ಇದರಲ್ಲಿ ಕಪ್ಪಗೆ ಕಾಣ್ತದೆ. ಹೆದರಬೇಡಿ, ನಿರಪಾಯ." ಡಾಕ್ಟರ ದನಿ ಹಗುರಾಗಿತ್ತು. "ಮುಗೀತು ಅನ್ನಿಸ್ತದೆ."

"ಮುಗಿದಿಲ್ಲ. ಕಂಕುಳ ಕಡೆ ಇನ್ನೂ ಹೋಗಿಲ್ಲ ನೀವು. ಅಕ್ಕನಿಗೆ ಸಿಕ್ಕಿದ್ದು ಆ ಕಡೆ."

ಡಾಕ್ಟರು ಕೈಯಲ್ಲಿದ್ದ ಯಂತ್ರದ ಸಲಾಕೆಯನ್ನು ಹೊರಗಡೆಗೆ ಸರಿಸಿದರು. ಒಂದು ಬೆರಳಗಲ. ಇನ್ನೊಂದು. ಅಲ್ಲಿ ಅವರ ಕೈ ನಿಂತಿತು. ಪರದೆಯ ಮೇಲೆ ಕಪ್ಪೂ ಅಲ್ಲದ, ಬಿಳಿಯೂ ಅಲ್ಲದ ಒಂದು ಬೂದು ಕಾಳು, ಅಂಚು ಮುಳ್ಳುಮುಳ್ಳು, ಅದರ ಬೆನ್ನಿಗೆ ಒಂದು ಕರಿಯ ನೆರಳು.

ಅದೇ ಕ್ಷಣಕ್ಕೆ ಕರೆಂಟು ಹೋಯಿತು.

"ಪಕ್ಕದಲ್ಲೇ ಜೋಗ!" ಎಂದು ಶೇಷಮ್ಮ ಹಲ್ಲು ಕಡಿದಳು. "ನಾಡಿಗೆಲ್ಲ ಬೆಳಕು ಕೊಟ್ಟು ನಮ್ಗೆ ಇದು!"

"ಅಲ್ಲಾಡಬೇಡಿ" ಎಂದರು ಡಾಕ್ಟರು. ನೀರಿನ ಚೀಲ ತೆಗೆದು, ಸಲಾಕೆಯಿದ್ದ ಜಾಗಕ್ಕೆ ತಮ್ಮ ಬೆರಳಿಟ್ಟು ಅದುಮಿ, ಸುತ್ತಲೂ ತಡವಿ ನೋಡಿದರು. ಕೈಗೆ ಏನೂ ಸಿಗಲಿಲ್ಲ. "ಶೇಷಮ್ಮ, ನಿಮ್ಮ ಬೆರಳು ಇಲ್ಲಿಡಿ. ತೆಗೀಬೇಡಿ."

ಇಪ್ಪತ್ತು ನಿಮಿಷ. ತೋಳನ್ನು ತಲೆಯ ಮೇಲಕ್ಕೆತ್ತಿ ಮಲಗಿದ್ದ ವರದಮ್ಮನಿಗೆ ಭುಜ ಮರಗಟ್ಟಿತು. ಎದೆಯ ಮೇಲೆ ಶೇಷಮ್ಮನ ಒಂದೇ ಒಂದು ಬೆರಳು. ಒಳಗೆ ಬೆಳೆಯುತ್ತಿರುವುದಕ್ಕೂ ಹೊರಗಿನ ಲೋಕಕ್ಕೂ ನಡುವೆ ಅದೊಂದೇ ಗುರುತು. ಅದು ಸರಿದರೆ ಆ ಬೂದು ಕಾಳು ಮತ್ತೆ ಬಿಳಿಯಲ್ಲಿ ಬಿಳಿಯಾಗಿ ಕಾಣೆಯಾಗುತ್ತದೆ. ಅವಳು ಉಸಿರನ್ನೂ ಅಳೆದು ಆಡಿದಳು.

ಕರೆಂಟು ಬಂತು. ಯಂತ್ರ ಗುಂಯ್‌ಗುಟ್ಟಿತು. ಕಾಳು ಅಲ್ಲೇ ಇತ್ತು.

"ಕಡಲೆಕಾಳಿನಷ್ಟು ಇದೆ" ಎಂದರು ಹೇರಂಬ ಭಟ್ಟರು. ಈಗ ಅವರು ಕನ್ನಡಕ ಒರೆಸಲಿಲ್ಲ. "ಏನು ಅಂತ ತೆಗೆದು ಪರೀಕ್ಷೆ ಮಾಡದೆ ಹೇಳೋಕೆ ಆಗಲ್ಲ. ಆದ್ರೆ ತೆಗೀಲೇಬೇಕು."

ಅವರು ಅಲ್ಲಿಂದಲೇ ಘಟ್ಟದ ಕೆಳಗಿನ ಸರ್ಜನರಿಗೆ ಅರ್ಜೆಂಟ್ ಕಾಲ್ ಹಾಕಿದರು. ಆ ಕಡೆಯ ದನಿ ವರದಮ್ಮನಿಗೂ ಕೇಳಿಸುತ್ತಿತ್ತು. ಫಿಲ್ಮಿನಲ್ಲಿ ಕಾಣದ, ಕೈಗೆ ಸಿಗದ ಗಂಟಿಗೆ ಕತ್ತಿ ಎಲ್ಲಿಗೆ ಹಾಕಲಿ ಎಂದು ಸರ್ಜನರು ಕೇಳುತ್ತಿದ್ದರು.

"ನಾನು ಗುರುತು ಹಾಕಿ ಕಳಿಸ್ತೀನಿ" ಎಂದರು ಹೇರಂಬ ಭಟ್ಟರು. "ಎಷ್ಟು ಆಳ ಅಂತಾನೂ ಬರೆದು ಕೊಡ್ತೀನಿ."

"ಹಾಗಾದ್ರೆ ನಾಳೆ ಬೆಳಿಗ್ಗೆ ಎಂಟಕ್ಕೆ. ಗುರುತು ಅಳಿಸಿದ್ರೆ ನಾನು ಮುಟ್ಟುವುದಿಲ್ಲ."

ಜೆನ್ಶನ್ ವೈಲೆಟ್ ಎಂಬ ನೇರಳೆ ಔಷಧದಲ್ಲಿ ಅದ್ದಿದ ಕಡ್ಡಿಯಿಂದ ಡಾಕ್ಟರು ಅವಳ ಚರ್ಮದ ಮೇಲೆ ಒಂದು ಕೂಡುಚಿಹ್ನೆ ಬರೆದರು. ಹತ್ತಿ ಇಟ್ಟು ಪಟ್ಟಿ ಹಾಕಿದರು. "ನೀರು ತಾಗಬಾರದು. ಬೆವರೂ ಕೂಡದು."

ಹೊರಗೆ ಆರಿದ್ರಾ ಮಳೆ ಸುರಿಯುತ್ತಿತ್ತು. ಅವಳು ಇಳಿಯಬೇಕಾಗಿದ್ದದ್ದು ಆಗುಂಬೆ ಘಟ್ಟ.

*

ಹೊರಡುವ ಮೊದಲು ಜಟ್ಟಿಂಗಪ್ಪನಿಗೆ ಫೋನು ಮಾಡಿ, ನಾಳೆಗೆ ಬದಲಿ ಆಪರೇಟರನ್ನು ಕೂರಿಸಲು ಹೇಳಿದ್ದಳು. ಅವನು ಅಷ್ಟಕ್ಕೇ ಬಿಡದೆ ಕನ್ನಪ್ಪನಿಗೂ ತೀರ್ಥಹಳ್ಳಿಯ ಹಾಸ್ಟೆಲಿಗೂ ಸುದ್ದಿ ಮುಟ್ಟಿಸಿದ್ದ. ಸಾಗರದ ಬಸ್ಸು ಹೊಸನಗರದ ನಿಲ್ದಾಣಕ್ಕೆ ಬಂದಾಗ, ತೋಟದ ಕೆಲಸಕ್ಕೆ ಒಯ್ಯುವ ದೊಡ್ಡ ಕೊಡೆ ಹಿಡಿದು ಕನ್ನಪ್ಪ ಅಲ್ಲಿ ನಿಂತಿದ್ದ. ಬಸ್ಸು ಹತ್ತಿ, ತಂಗಿಯ ಮುಖ ನೋಡದೆ ಪಕ್ಕದಲ್ಲಿ ಕುಳಿತ.

"ಬರಲ್ಲ ಅಂದಿದ್ದಿಯಲ್ಲ ಅಣ್ಣಯ್ಯ."

"ನಾನು ಬಂದಿದ್ದಲ್ಲ. ಕೊಡೆ ಬಂದಿದ್ದು."

ಬಸ್ಸಿನ ಛಾವಣಿ ಸೋರುತ್ತಿತ್ತು. ಕನ್ನಪ್ಪ ಬಸ್ಸಿನ ಒಳಗೇ ಕೊಡೆ ಬಿಚ್ಚಿ ಹಿಡಿದ. ಕಂಡಕ್ಟರು, "ಯಜಮಾನ್ರೇ, ಇದು ಮೆರವಣಿಗೆ ಅಲ್ಲ, ಬಸ್ಸು" ಎಂದ. "ಮೊದ್ಲು ನಿಮ್ಮ ಬಸ್ಸಿಗೆ ಹೆಂಚು ಹಾಕ್ಸಿ, ಆಮೇಲೆ ಮಡಿಸ್ತೀನಿ" ಎಂದ ಕನ್ನಪ್ಪ. ಜನ ನಕ್ಕರು. ಅವನ ಕೈ ಮಾತ್ರ ಒಂದು ಬೆರಳಷ್ಟೂ ಓಲಲಿಲ್ಲ.

ತೀರ್ಥಹಳ್ಳಿಯಲ್ಲಿ ಹತ್ತು ನಿಮಿಷ. ಅನ್ನಪೂರ್ಣೇಶ್ವರಿ ಒಣಗಿದ ಸೀರೆಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಕಿಟಕಿಯಿಂದ ಕೊಟ್ಟಳು. "ಚಿಕ್ಕಿ, ಆ ಗಂಡಿನ ಕಡೆಯೋರು ಮಾತಾಡೋದನ್ನ ನಿಲ್ಸಿದಾರಂತೆ. ನಿಲ್ಸಲಿ. ನೀನು ಹೋಗಿ ಬಾ." ವರದಮ್ಮ ಕಿಟಕಿಯಿಂದ ಅವಳ ಕೈ ಹಿಡಿದಳು.

ಆಗುಂಬೆಯಲ್ಲಿ ದೊಡ್ಡ ಬಸ್ಸು ಇಳಿದು ಘಟ್ಟದ ಸಣ್ಣ ಬಸ್ಸು ಹತ್ತಬೇಕು. ನಡುವೆ ಇಪ್ಪತ್ತು ಹೆಜ್ಜೆ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಹತ್ತನೆಯ ಹೆಜ್ಜೆಗೆ ಗಾಳಿ ಕೊಡೆಯನ್ನು ಮಗುಚಿ ಹಾಕಿತು. ವರದಮ್ಮ ಸೀರೆಯ ಗಂಟನ್ನು ಎದೆಗೆ ಅವಚಿ, ಬೆನ್ನನ್ನು ಮಳೆಗೆ ಕೊಟ್ಟು, ಹಿಮ್ಮುಖವಾಗಿ ನಡೆದು ಸಣ್ಣ ಬಸ್ಸು ಸೇರಿದಳು. ಬೆನ್ನಿಡೀ ತೊಯ್ದಿತ್ತು. ಎದೆಯ ಪಟ್ಟಿಯ ಒಂದು ಮೂಲೆ ಒದ್ದೆಯಾಗಿತ್ತು. ಬಿಚ್ಚಿ ನೋಡುವ ಹಾಗಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಸರ್ಜನರು ಪಟ್ಟಿ ಬಿಚ್ಚಿದರು. ಒಂದು ಗೆರೆಯ ತುದಿ ಕದಡಿ ನೇರಳೆಯ ಹೊಳೆಯಾಗಿತ್ತು. ಎರಡು ಗೆರೆಗಳೂ ಕೂಡುವ ನಡುಬಿಂದು ಹಾಗೇ ಇತ್ತು.

"ಇಷ್ಟು ಸಾಕು" ಎಂದರು.

*

ಗಂಟು ತೆಗೆದು ಪರೀಕ್ಷೆಗೆ ಕಳಿಸಿ ಹನ್ನೆರಡು ದಿನ ಕಳೆದವು. ವರದಮ್ಮ ಎಂಟನೆಯ ದಿನಕ್ಕೇ ಕೆಲಸಕ್ಕೆ ಬಂದಿದ್ದಳು; ಮನೆಯಲ್ಲಿ ಕಾಯುವುದಕ್ಕಿಂತ ಹಲಗೆಯ ಮುಂದೆ ಕಾಯುವುದು ಲೇಸು. ಪ್ರತಿ ಸಲ ಸಾಗರದ ಲೈನಿನ ಮುಚ್ಚಳ ಬಿದ್ದಾಗಲೂ ಹೊಲಿಗೆ ಹಾಕಿದ ಜಾಗ ಚುರುಕ್ಕೆನ್ನುತ್ತಿತ್ತು.

ಹದಿಮೂರನೆಯ ದಿನ ಹನ್ನೊಂದು ಗಂಟೆಗೆ ಅದು ಬಿತ್ತು.

"ಹೊಸನಗರವಾ? ಘಟ್ಟದ ಕೆಳಗಿನ ಆಸ್ಪತ್ರೆಯಿಂದ ಪಿ.ಪಿ. ಕಾಲ್. ವರದಮ್ಮ ಅನ್ನೋರೇ ಬೇಕಂತೆ" ಎಂದಳು ಸಾಗರದ ಆಪರೇಟರು.

ಆ ಹೆಸರಿನವರು ಇಲ್ಲಿಲ್ಲ, ನಾಳೆ ಮಾಡಿ ಎಂದು ಹೇಳಬಹುದಿತ್ತು. ಇನ್ನೂ ಒಂದು ದಿನ ಗೊತ್ತಾಗದೆ ಇರಬಹುದಿತ್ತು.

"ಮಾತಾಡ್ತಾ ಇರೋದು ಅವಳೇ. ಕೊಡಿ."

ಬಂದದ್ದು ಎಕ್ಸ್‌ರೇ ಡಾಕ್ಟರ ದನಿ. "ವರದಮ್ಮ, ಸರ್ಜನರು ನನಗೇ ಮಾತಾಡ್ಲಿಕ್ಕೆ ಹೇಳಿದ್ರು. ಪರೀಕ್ಷೆಯ ವರದಿ ಬಂತು. ಅದು... ಕ್ಯಾನ್ಸರೇ."

ವರದಮ್ಮ ಹಲಗೆಯ ಅಂಚು ಹಿಡಿದಳು.

"ಕೇಳ್ತಾ ಇದೆಯಾ?"

"ಕೇಳ್ತಾ ಇದೆ. ಲೈನು ಸ್ವಚ್ಛ ಇದೆ. ಹೇಳಿ."

"ತುಂಬಾ ಸಣ್ಣದು. ಒಂದು ಸೆಂಟಿಮೀಟರೂ ಇಲ್ಲ. ಕಂಕುಳಲ್ಲಿ ಕೈಗೆ ಏನೂ ಸಿಗುವುದಿಲ್ಲ. ಆದ್ರೂ ದೊಡ್ಡ ಆಪರೇಷನ್ ಆಗ್ಲೇಬೇಕು, ಎಡದ್ದು ಪೂರ್ತಿ. ಸೋಮವಾರ ಬನ್ನಿ. ಇಂಥದ್ದು ಇಷ್ಟರಲ್ಲೇ ಸಿಕ್ಕಿದವರು ಬಹಳ ಮಂದಿ ಗೆಲ್ತಾರೆ. ಇನ್ನೊಂದು ಹೇಳ್ಬೇಕಿತ್ತು. ನಿಮ್ಮ ಫಿಲ್ಮು ಮತ್ತೆ ತೆಗೆದು ನೋಡಿದೆ. ಎಲ್ಲಿ ಇದೆ ಅಂತ ಗೊತ್ತಿದ್ದೂ ನೋಡಿದೆ. ಬರೀ ಬಿಳಿ. ಮುಂದಿನ ವರ್ಷದ ಫಿಲ್ಮಲ್ಲೂ ಕಾಣ್ತಿರ್ಲಿಲ್ಲವೋ ಏನೋ."

ನಡುವೆ ಸಾಗರದ ಆಪರೇಟರ ದನಿ ತೂರಿ ಬಂತು. "ಮೂರು ನಿಮಿಷ ಆಯ್ತು. ಮುಂದುವರಿಸ್ಲಾ?"

"ಮುಂದುವರಿಸಿ" ಎಂದಳು ವರದಮ್ಮ. "ಡಾಕ್ಟ್ರೇ, ಬಲಗಡೆದು ಉಳೀತದಲ್ಲ. ಅದಕ್ಕೆ ಪ್ರತಿವರ್ಷ ಬರೀ ಫಿಲ್ಮಾ?"

"ಇಲ್ಲ. ಎರಡೂ. ಫಿಲ್ಮು ಇಲ್ಲಿ ಆಗ್ಲಿ, ಸ್ಕ್ಯಾನು ಸಾಗರದಲ್ಲಿ. ಕೆಲವು ಸಣ್ಣ ಕಲೆ ಫಿಲ್ಮಲ್ಲಿ ಮಾತ್ರ ಬೀಳ್ತದೆ, ಅದನ್ನು ಬಿಡುವ ಹಾಗಿಲ್ಲ."

"ಬಾಯಲ್ಲಿ ಹೇಳಿದ್ರೆ ಸಾಲದು. ನನ್ನ ರಿಪೋರ್ಟಿನ ಕೊನೆಯ ಸಾಲಿನ ಕೆಳಗೆ ಬರೀರಿ. ನಮ್ಮಕ್ಕನ ಮಗಳಿಗೆ ಹತ್ತೊಂಬತ್ತು. ನಾಳೆ ಅವಳೂ ನಿಮ್ಮಲ್ಲಿಗೆ ಬರ್ತಾಳೆ. ಅವಳಿಗೆ ಯಾರೂ ಬರೀ ಮೊದಲ ಸಾಲು ಓದಿ ಹೇಳಬಾರ್ದು."

"ಬರೀತೇನೆ" ಎಂದರು ಡಾಕ್ಟರು.

ಪ್ಲಗ್ಗು ಎಳೆದು, ಸುರುಳಿ ಬಿಟ್ಟ ತಂತಿ ತನ್ನಷ್ಟಕ್ಕೆ ಒಳಗೆ ಇಳಿಯುವುದನ್ನು ಅವಳು ಕೊನೆಯವರೆಗೆ ನೋಡಿದಳು. ಬಾಗಿಲಲ್ಲಿ ಜಟ್ಟಿಂಗಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹೆಗಲ ಮೇಲಿನ ತಂತಿಯ ಸುರುಳಿಯನ್ನು ಕೆಳಗಿಳಿಸಿರಲಿಲ್ಲ.

"ಏನಂತೆ ವರದಕ್ಕಾ?"

"ಇದೆಯಂತೆ."

ಅವನ ಮುಖ ಕಪ್ಪಿಟ್ಟಿತು.

"ಹಂಗೆ ನಿಂತ್ರೆ ಆಗಲ್ಲ ಮಾರಾಯ. ಸಿಕ್ಕಿದೆಯಂತೆ" ಎಂದಳು ವರದಮ್ಮ, ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ಎಳೆಯುತ್ತ. "ಸೋಮವಾರದಿಂದ ರಜೆ ಬರೀಬೇಕು. ಪೆನ್ನು ಕೊಡು."